ಐಆರ್‌ಎಯಲ್ಲಿ ಮಾರಿದರೆ ತೆರಿಗೆ ಇಲ್ಲ, ಹಾಗಂತ ದಿನಾ ಮಾರಬೇಕೆ?

ಅಮೆರಿಕದಲ್ಲಿ 1974ರ ಕಾನೂನಿನಿಂದ ಬಂದ ವೈಯಕ್ತಿಕ ನಿವೃತ್ತಿ ಖಾತೆ, ಅಂದರೆ ಐಆರ್‌ಎ. ಇದರೊಳಗೆ ಷೇರು, ಬಾಂಡ್, ಮ್ಯೂಚುವಲ್ ಫಂಡ್ ಯಾವುದನ್ನು ಮಾರಿ ಯಾವುದನ್ನು ಕೊಂಡರೂ ಆ ವರ್ಷ ಲಾಭಕ್ಕೆ ತೆರಿಗೆ ಇಲ್ಲ. ಹಣ ಖಾತೆಯಿಂದ ಹೊರಗೆ ಬರಬಾರದು, ಅಷ್ಟೇ. ಈ ಸವಲತ್ತಿನ ನಿಜವಾದ ಬಳಕೆ ಷೇರು, ಬಾಂಡ್‌ಗಳ ಪಾಲು ಸರಿಪಡಿಸುವುದರಲ್ಲಿದೆ. ಷೇರಿನ ಪಾಲು ಶೇ. 60ರಿಂದ 75ಕ್ಕೆ ಏರಿತು ಅಂದುಕೊಳ್ಳಿ. ಹೆಚ್ಚಾದ 15ನ್ನು ಮಾರಿ ಬಾಂಡ್‌ಗೆ ಹಾಕಿದರೆ ಸಾಮಾನ್ಯ ಖಾತೆಯಲ್ಲಿ ತೆರಿಗೆ ಬೀಳುತ್ತದೆ, ಇಲ್ಲಿ ಬೀಳುವುದಿಲ್ಲ.

ತೆರಿಗೆಯೇ ಇಲ್ಲದ ಮೇಲೆ ದಿನವೂ ಟ್ರೇಡಿಂಗ್ ಮಾಡಿದರೇನು ಎಂದು ಕೇಳುವವರಿದ್ದಾರೆ. ಆದರೆ ಇಲ್ಲಿ ಆದ ನಷ್ಟವನ್ನು ತೆರಿಗೆ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. ಕಳೆದುಕೊಂಡದ್ದನ್ನು ತುಂಬಿಕೊಳ್ಳೋಣವೆಂದರೆ, 2025ರಲ್ಲಿ 50 ವರ್ಷದೊಳಗಿನವರು ಖಾತೆಗೆ ಹಾಕಬಹುದಾದ ಹಣದ ವಾರ್ಷಿಕ ಮಿತಿಯೇ 7,000 ಡಾಲರ್ ಇತ್ತು. ಹಣಕಾಸು ಸಂಶೋಧಕರಾದ ಬಾರ್ಬರ್ ಮತ್ತು ಓಡಿಯನ್ ಅರವತ್ತಾರು ಸಾವಿರಕ್ಕೂ ಹೆಚ್ಚು ಕುಟುಂಬಗಳ 1991ರಿಂದ 1996ರವರೆಗಿನ ಖಾತೆ ಪರಿಶೀಲಿಸಿದರು: ಅತಿ ಹೆಚ್ಚು ಟ್ರೇಡ್ ಮಾಡಿದವರಿಗೆ ವರ್ಷಕ್ಕೆ ಶೇ. 11.4 ಗಳಿಕೆ, ಮಾರುಕಟ್ಟೆಗೆ ಶೇ. 17.9. ಆಗ ಕಮಿಷನ್ ದುಬಾರಿಯಿತ್ತು, ಈಗ ಬಹುಪಾಲು ಶೂನ್ಯ, ನಿಜ. ಆದರೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರ, ತಪ್ಪು ಹೊತ್ತಿನಲ್ಲಿ ಮಾರುವ ಆತುರ ಇಂದಿಗೂ ಹೋಗಿಲ್ಲ. ಇನ್ನೊಂದು ಎಚ್ಚರ: ಹೊರಗಿನ ಖಾತೆಯಲ್ಲಿ ನಷ್ಟಕ್ಕೆ ಮಾರಿದ ಷೇರನ್ನೇ 30 ದಿನದೊಳಗೆ ಐಆರ್‌ಎಯಲ್ಲಿ ಕೊಂಡರೆ, ಆ ನಷ್ಟದ ತೆರಿಗೆ ಲಾಭ ಶಾಶ್ವತವಾಗಿ ಕೈತಪ್ಪುತ್ತದೆ.

ದಯವಿಟ್ಟು ವರ್ಷಕ್ಕೊಮ್ಮೆ ಪಾಲು ನೋಡಿ, ಸರಿಮಾಡಿ, ಆಮೇಲೆ ಆ್ಯಪ್ ಮುಚ್ಚಿಬಿಡಿ.