ಕಮ್ಮಾರನ ಕೈ, ಬಡಗಿಯ ಕೈ

ಸಿಡ್ನಿ ನಗರದ ಎಡ್ವರ್ಡ್ ಟ್ರಿಕೆಟನು 1876ನೆಯ ಇಸವಿ ಜೂನ್ 27ರಂದು ಲಂಡನ್ನಿನ ಥೇಮ್ಸ್ ನದಿಯಲ್ಲಿ ಇಂಗ್ಲೆಂಡಿನ ಸ್ಯಾಡ್ಲರನನ್ನು ಸೋಲಿಸಿ, ಒಂಟಿದೋಣಿಯ ಪಂದ್ಯದಲ್ಲಿ ಜಗಜ್ಜೇತನೆನಿಸಿದನು. ಅದುವರೆಗೆ ಆ ಪಟ್ಟವು ಇಂಗ್ಲಿಷರ ಕೈಬಿಟ್ಟು ಹೋಗಿರಲಿಲ್ಲ. ಯಾವ ಕ್ರೀಡೆಯಲ್ಲಿಯೇ ಆಗಲಿ, ಇಂಥ ಬಿರುದನ್ನು ಪಡೆದ ಆಸ್ಟ್ರೇಲಿಯನ್ನರಲ್ಲಿ ಈತನೇ ಮೊದಲಿಗನು. ಆಗಿನ್ನೂ ಆಸ್ಟ್ರೇಲಿಯವು ಒಂದು ರಾಷ್ಟ್ರವಾಗಿರಲಿಲ್ಲ. ಆರು ವಸಾಹತುಗಳು ಬೇರೆ ಬೇರೆಯಾಗಿದ್ದುವು. ಅವು ಒಂದುಗೂಡಿದುದು 1901ರಲ್ಲಿ. ರಾಜ್ಯಾಂಗವು ಒಂದುಗೂಡಿಸುವುದಕ್ಕೆ ಕಾಲು ಶತಮಾನ ಮುಂಚೆಯೇ ಒಂದು ಜೊತೆ ಹುಟ್ಟುಗಳು ಆ ಜನಕ್ಕೆ ಸಮಾನವಾದೊಂದು ಅಭಿಮಾನವನ್ನು ತಂದುಕೊಟ್ಟುವು.

1880ರಲ್ಲಿ ಕೆನಡಾದ ನೆಡ್ ಹ್ಯಾನ್ಲನನು ಟ್ರಿಕೆಟನನ್ನು ಸೋಲಿಸಿ ಪಟ್ಟವನ್ನು ಕಿತ್ತುಕೊಂಡನು. ಅದನ್ನು 1884ರಲ್ಲಿ ಪ್ಯಾರಮಟ್ಟಾ ನದಿಯ ಮೇಲೆ ಮರಳಿ ಗೆದ್ದವನು ಡ್ಯಾಪ್ಟೋ ಎಂಬ ಊರಿನ ಕಮ್ಮಾರ ವಿಲಿಯಂ ಬೀಚ್. ಸುತ್ತಿಗೆ ಹಿಡಿದು ಗಟ್ಟಿಯಾದ ಆ ತೋಳುಗಳನ್ನು ಹ್ಯಾನ್ಲನನು ಮತ್ತೆ ಮತ್ತೆ ಎದುರಿಸಿಯೂ ಗೆಲ್ಲಲಾರದೆ ಹೋದನು. ಬೀಚನು ಅಜೇಯನಾಗಿಯೇ ನಿವೃತ್ತನಾದನು. ಅವನ ತರುವಾಯ ಪೀಟರ್ ಕೆಂಪ್, ಹೆನ್ರಿ ಸರ್ಲ್ ಮೊದಲಾದವರು ಆ ಕೀರ್ತಿಯನ್ನು ಉಳಿಸಿಕೊಂಡು ಬಂದರು. 1889ರಲ್ಲಿ ಥೇಮ್ಸ್ ನದಿಯಲ್ಲಿ ಗೆದ್ದು ತಾಯ್ನಾಡಿಗೆ ಮರಳುತ್ತಿದ್ದ ಸರ್ಲನು ವಿಷಮಜ್ವರಕ್ಕೆ ತುತ್ತಾಗಿ, ತನ್ನ 23ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಮುರಿದ ಕಂಬದ ಆಕಾರದ ಅವನ ಸ್ಮಾರಕವು ಪ್ಯಾರಮಟ್ಟಾ ನದಿಯಲ್ಲಿ ನಿಂತಿದೆ.

ಹಣದ ಪಣವಿಟ್ಟು ನಡೆಯುತ್ತಿದ್ದ ಈ ಪಂದ್ಯಗಳಲ್ಲಿ ಕೂಲಿಕಾರನಿಗೂ ಸ್ಥಳವಿದ್ದಿತು. ‘ಹವ್ಯಾಸಿ’ಗಳೆಂಬ ದೊಡ್ಡಮನುಷ್ಯರ ಕೂಟದಲ್ಲಿ ಅದು ಇರಲಿಲ್ಲ. ಇಂಗ್ಲೆಂಡಿನ ಹೆನ್ಲಿ ಪಂದ್ಯಾವಳಿಯ ನಿಯಮವು ಕೈಕೆಲಸದಿಂದ ಹೊಟ್ಟೆಹೊರೆಯುವವನನ್ನು ಹವ್ಯಾಸಿಯೆಂದು ಒಪ್ಪುತ್ತಿರಲಿಲ್ಲ. 1928ರಲ್ಲಿ ಸಿಡ್ನಿಯ ಬಾಬಿ ಪಿಯರ್ಸನು ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸಿನಲ್ಲಿ ಸ್ವರ್ಣಪದಕವನ್ನು ಗಳಿಸಿದನು. ಆದರೆ ಬಡಗಿಯೆಂಬ ಕಾರಣದಿಂದ ಹೆನ್ಲಿಯು ಅವನಿಗೆ ಬಾಗಿಲು ಮುಚ್ಚಿತು. ಮುಂದೆ ಅವನು ಕೆನಡಾಕ್ಕೆ ಹೋಗಿ ವಿಸ್ಕಿ ಮಾರುವ ಉದ್ಯೋಗ ಹಿಡಿದನು. ಕೂಡಲೇ ಅವನು ಅರ್ಹನಾದನು! 1931ರಲ್ಲಿ ಅದೇ ಹೆನ್ಲಿಯ ಡೈಮಂಡ್ ಸ್ಕಲ್ಸ್ ಪಂದ್ಯವನ್ನು ಗೆದ್ದನು. ತೋಳು ಅದೇ, ನೀರು ಅದೇ. ಉಳಿ ಹೋಗಿ ಸೀಸೆ ಬಂದಿದ್ದಿತು, ಇಷ್ಟೇ ವ್ಯತ್ಯಾಸ. 1932ರಲ್ಲಿ ಎರಡನೆಯ ಒಲಿಂಪಿಕ್ ಪದಕವೂ, 1933ರಲ್ಲಿ ವೃತ್ತಿಪರರ ಜಗಜ್ಜೇತಪಟ್ಟವೂ ಅವನಿಗೆ ಲಭಿಸಿದುವು.

1936ರಲ್ಲಿ ಪೋಲೀಸರಿಂದ ಕೂಡಿದ್ದ ಆಸ್ಟ್ರೇಲಿಯದ ಒಲಿಂಪಿಕ್ ತಂಡಕ್ಕೂ ಹೆನ್ಲಿಯಲ್ಲಿ ಪ್ರವೇಶ ದೊರೆಯಲಿಲ್ಲ. ಅದರಿಂದೆದ್ದ ಟೀಕೆಯ ತರುವಾಯ, 1937ರಲ್ಲಿ, ಆ ನಿಯಮವು ಕೊನೆಗೂ ರದ್ದಾಯಿತು.

ದುಡಿಯುವ ಕೈ ಕೀಳೆಂಬ ಭಾವನೆ ಒಂದೇ ದೇಶದ ರೋಗವಲ್ಲ. ಆಸ್ಟ್ರೇಲಿಯಕ್ಕೆ ಜಗತ್ತಿನಲ್ಲಿ ಮೊದಲ ಹೆಸರು ತಂದವರ ಸಾಲಿನಲ್ಲಿ ಕಮ್ಮಾರನಿದ್ದಾನೆ, ಬಡಗಿಯಿದ್ದಾನೆ. ಅಂಥವರನ್ನು ದಡದಲ್ಲಿಯೇ ನಿಲ್ಲಿಸುವ ಸಮಾಜವು ತನ್ನ ದೋಣಿಯನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ.