ಎರಡು ಗ್ರಾಂ ಅಗಲದ ಓಣಿ

ನಮ್ಮ ಮೈಯಲ್ಲಿ ಓಡಾಡುವ ರಕ್ತ ಸುಮಾರು ಐದು ಲೀಟರ್. ಶುಗರ್ 100 (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ) ಇದೆ ಅಂದರೆ ಅಷ್ಟೂ ರಕ್ತದಲ್ಲಿ ಕರಗಿರುವ ಸಕ್ಕರೆ ಐದೇ ಗ್ರಾಂ. ವಿಜಯನಗರದ ದರ್ಶಿನಿಗಳಲ್ಲಿ ಒಂದು ಲೋಟ ಕಾಫಿಗೆ ಬೀಳುವ ಸಕ್ಕರೆ ಇದಕ್ಕಿಂತ ಕಡಿಮೆಯೇನಲ್ಲ. ಮಿದುಳೊಂದೇ ದಿನಕ್ಕೆ 120 ಗ್ರಾಂ, ಅಂದರೆ ಗಂಟೆಗೆ ಐದು ಗ್ರಾಂ ಉರಿಸುತ್ತದೆ. ಯಕೃತ್ತು ಒಂದೇ ಸಮನೆ ತುಂಬಿಸಿಕೊಡದಿದ್ದರೆ ಇಡೀ ದಾಸ್ತಾನು ಒಂದು ಗಂಟೆಗೂ ಸಾಲದು.

ಇದೇ ಲೆಕ್ಕವನ್ನು ಐಸಿಯು ಒಳಗೆ ಹಾಕಿ ನೋಡಿ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿರಲಿ, ಕೆಂಗೇರಿಯ ಬಿಜಿಎಸ್ ಇರಲಿ, ಲಂಡನ್ನೇ ಇರಲಿ, ಹೆಚ್ಚಿನ ರೋಗಿಗಳಿಗೆ ಈಗ ವೈದ್ಯಲೋಕ ಒಪ್ಪಿರುವ ಗುರಿ 140ರಿಂದ 180. ರಕ್ತದಲ್ಲಿ ಏಳರಿಂದ ಒಂಬತ್ತು ಗ್ರಾಂ, ಅಷ್ಟೆ. ಪಕ್ಕದಲ್ಲಿ ತೂಗುವ ಶೇ 5ರ ಡೆಕ್ಸ್‌ಟ್ರೋಸ್‌ನ ಅರ್ಧ ಲೀಟರ್ ಬಾಟಲಿಯಲ್ಲೇ 25 ಗ್ರಾಂ ಇರುತ್ತದೆ! ಇತ್ತ ಸಿರಿಂಜ್ ಪಂಪಿನಲ್ಲಿ 50 ಯೂನಿಟ್ ಇನ್ಸುಲಿನ್. ತೂಗಿದರೆ ಎರಡು ಮಿಲಿಗ್ರಾಂ ಕೂಡ ಬಾರದು. ಶುಗರ್ 40ಕ್ಕೆ, ಅಂದರೆ ಎರಡು ಗ್ರಾಂಗೆ ಇಳಿದರೆ ಮಿದುಳಿಗೇ ಅಪಾಯ. ಎಚ್ಚರವಿದ್ದವರು ಬೆವರುತ್ತಾರೆ, ಕೈ ನಡುಗುತ್ತಿದೆ ಎನ್ನುತ್ತಾರೆ. ವೆಂಟಿಲೇಟರ್‌ನಲ್ಲಿ ಮಲಗಿದವರು ಏನು ಹೇಳಿಯಾರು?

140ರಿಂದ 180ರ ಈ ಗುರಿ ಸುಲಭಕ್ಕೆ ಸಿಕ್ಕಿದ್ದಲ್ಲ. 2001ರಲ್ಲಿ ಬೆಲ್ಜಿಯಂನ ಲೂವೆನ್‌ನಿಂದ 1,548 ರೋಗಿಗಳ ಅಧ್ಯಯನ ಪ್ರಕಟವಾಯಿತು. ಶುಗರನ್ನು 80ರಿಂದ 110ರೊಳಗೆ ಬಿಗಿಹಿಡಿದಾಗ ಐಸಿಯು ಸಾವು ಶೇ 8ರಿಂದ 4.6ಕ್ಕೆ ಇಳಿಯಿತು. ಸರಿ, ಎಲ್ಲರೂ ಬಿಗಿಹಿಡಿಯಲು ಹೊರಟರು. 2009ರಲ್ಲಿ 6,104 ರೋಗಿಗಳ ನೈಸ್-ಶುಗರ್ ಅಧ್ಯಯನ ಬಂದಾಗ ಲೆಕ್ಕ ತಲೆಕೆಳಗಾಯಿತು. ಬಿಗಿಹಿಡಿದವರಲ್ಲಿ 90 ದಿನಗಳೊಳಗಿನ ಸಾವು ಶೇ 27.5, 180ರವರೆಗೆ ಸಡಿಲ ಬಿಟ್ಟವರಲ್ಲಿ 24.9. ಸಾವಿರಕ್ಕೆ 26 ಜೀವ ಹೆಚ್ಚು ಹೋಯಿತು. ಶುಗರ್ ತೀರಾ ಕುಸಿದವರು ಬಿಗಿ ಗುಂಪಿನಲ್ಲಿ ಶೇ 6.8, ಇನ್ನೊಂದರಲ್ಲಿ ಬರೀ 0.5. ಎರಡು ಗುಂಪುಗಳ ನಡುವೆ ಇದ್ದ ಅಂತರ ಕೆಲವೇ ಗ್ರಾಂ ಸಕ್ಕರೆ.

ಏಳರಿಂದ ಒಂಬತ್ತು ಗ್ರಾಂನ ಈ ಓಣಿಯನ್ನು ಕಾಯಲು ಶುಗರ್ ಅಳೆಯುತ್ತಲೇ ಇರಬೇಕು. ನಾಲ್ಕು ಗಂಟೆಗೊಮ್ಮೆ ಬೆರಳು ಚುಚ್ಚಿದರೆ ದಿನಕ್ಕೆ ಆರು ಅಂಕಿ. ಗಂಟೆಗೊಮ್ಮೆಯಾದರೆ 24, ಅದೂ ಸಿಸ್ಟರ್‌ಗಳಿಗೆ ಪುರುಸೊತ್ತಿದ್ದರೆ. ಚರ್ಮದಡಿ ಕೂದಲಿನಂಥ ಎಳೆ ಇಳಿಸಿ ಐದು ನಿಮಿಷಕ್ಕೊಮ್ಮೆ ಅಳೆಯುವ ಸೆನ್ಸರ್ ದಿನಕ್ಕೆ 288 ಅಂಕಿ ಕೊಡುತ್ತದೆ. ಕುಸಿತ ಶುರುವಾಗುವಾಗಲೇ ಕೂಗುತ್ತದೆ. ಆದರೆ ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಹಾಗಾಗಿ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಬಿಪಿ ಕುಸಿದು ಮೈ ಊದಿಕೊಂಡ ರೋಗಿಯಲ್ಲಂತೂ ದಾರಿ ತಪ್ಪಿಸಲೂಬಹುದು. 288 ಅಂಕಿ ಕಣ್ಣೆದುರಿಗಿದ್ದರೂ, ಅನುಮಾನ ಬಂದಾಗ ಇನ್ಸುಲಿನ್ ಪಂಪ್ ಮುಟ್ಟುವ ಮೊದಲು ಒಂದು ಹನಿ ರಕ್ತ ತೆಗೆದು ನೋಡಲೇಬೇಕು.