ಎರಡು ಅಂಕದ ಪ್ರಶ್ನೆಯೂ ಕ್ಯಾರವಾನಿನ ಕನ್ನಡಿಯೂ

‘ವಾಹನಗಳಲ್ಲಿ ಹಿಂದಿನದನ್ನು ನೋಡಲು ಪೀನ ದರ್ಪಣವನ್ನು ಬಳಸುತ್ತಾರೆ. ಏಕೆ?’

ಎಸ್ಸೆಸ್ಸೆಲ್ಸಿಗೆ ಕುಳಿತವರಿಗೆಲ್ಲ ಈ ಎರಡು ಅಂಕದ ಪ್ರಶ್ನೆ ಚಿರಪರಿಚಿತ. ಉತ್ತರವೂ ಬಾಯಿಪಾಠ: ಪ್ರತಿಬಿಂಬ ನೇರವಾಗಿಯೂ ಚಿಕ್ಕದಾಗಿಯೂ ಇರುತ್ತದೆ, ಆದ್ದರಿಂದ ಹೆಚ್ಚು ವಿಸ್ತಾರವಾದ ನೋಟ ದೊರೆಯುತ್ತದೆ. ಸುಮಾರು ಮೂವತ್ತು ವರ್ಷ ನಾನು ಇದನ್ನೇ ಕಲಿಸಿ, ಇದಕ್ಕೇ ಅಂಕ ಕೊಟ್ಟವನು. ಈ ಉತ್ತರ ಅರ್ಧ ಮಾತ್ರ ಎಂದು ಮನವರಿಕೆಯಾದದ್ದು ಇಂಗ್ಲೆಂಡಿನ ರಸ್ತೆಯೊಂದರಲ್ಲಿ, ಸೈಕಲ್ ಸವಾರನೊಬ್ಬ ಸ್ವಲ್ಪದರಲ್ಲಿ ಪಾರಾದಾಗ.

2023ರ ಬೇಸಿಗೆ ರಜೆಯಲ್ಲಿ ನಾನೂ ನನ್ನಾಕೆಯೂ ಲೀಡ್ಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ನಾಲ್ಕು ದಿನ ಲೇಕ್ ಡಿಸ್ಟ್ರಿಕ್ಟ್ ಕಡೆಗೆ ಸುತ್ತಾಡಿ ಬರೋಣವೆಂದು ಅಳಿಯ ಪಕ್ಕದ ಮನೆಯವರ ಕ್ಯಾರವಾನನ್ನು ಕೇಳಿ ಪಡೆದರು. ನಮ್ಮಲ್ಲಿ ಕ್ಯಾರವಾನ್ ಎಂದರೆ ಸಿನಿಮಾ ನಟರು ಮೇಕಪ್ಪಿಗೆ, ವಿಶ್ರಾಂತಿಗೆ ಬಳಸುವ ಬಸ್ಸು. ಬ್ರಿಟನ್ನಿನಲ್ಲಿ ಹಾಗಲ್ಲ. ಅದು ಕಾರಿನ ಹಿಂದೆ ಕೊಂಡಿಗೆ ಸಿಕ್ಕಿಸಿ ಎಳೆದೊಯ್ಯುವ, ಎಂಜಿನ್ ಇಲ್ಲದ ಪುಟ್ಟ ಮನೆ. ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲವೂ ಒಳಗೇ ಉಂಟು. ಅಲ್ಲಿ ಸಾಮಾನ್ಯ ಕಾರು ಎಳೆಯುವ ಕ್ಯಾರವಾನಿನ ಅಗಲ 2.55 ಮೀಟರ್, ಉದ್ದ ಕೊಂಡಿಯ ತೋಳನ್ನು ಬಿಟ್ಟು 7 ಮೀಟರ್ ಮೀರುವಂತಿಲ್ಲ. ನಮಗೆ ಸಿಕ್ಕಿದ್ದರ ಅಗಲ 2.3 ಮೀಟರ್, ಅಳಿಯನ ಕಾರಿನದು 1.8.

ತೊಡಕು ಇರುವುದು ಈ ವ್ಯತ್ಯಾಸದಲ್ಲೇ. ಕ್ಯಾರವಾನ್ ಕಾರಿಗಿಂತ ಎರಡೂ ಬದಿಗೆ ಕಾಲು ಮೀಟರಿನಷ್ಟು ಚಾಚಿಕೊಂಡಿರುತ್ತದೆ. ಕಾರಿನ ಬಾಗಿಲ ಕನ್ನಡಿ ಅಷ್ಟು ಹೊರಗೆ ಬರುವುದಿಲ್ಲ. ಬೆಳಕು ನೇರ ರೇಖೆಯಲ್ಲಿ ಚಲಿಸುತ್ತದೆ ಎಂಬ ಪಾಠ ನೆನಪಿದೆಯಲ್ಲವೇ? ಕನ್ನಡಿಯಿಂದ ಹಿಂದಕ್ಕೆ ಹೋಗುವ ನೋಟ ಕ್ಯಾರವಾನಿನ ಮುಂಗೋಡೆಗೆ ಬಡಿದು ಅಲ್ಲಿಗೇ ನಿಲ್ಲುತ್ತದೆ. ಕಾರಿನೊಳಗಿನ ನಡುಗನ್ನಡಿಯಲ್ಲೂ ಕಾಣುವುದು ಅದೇ ಬಿಳಿ ಗೋಡೆ. ಹೀಗಾಗಿ ಬಾಗಿಲ ಕನ್ನಡಿಗೆ ಇನ್ನೊಂದು ಕನ್ನಡಿಯನ್ನು ಹೊರಚಾಚಿ ಕಟ್ಟಬೇಕು. ಇದೇ ಎಕ್ಸ್‌ಟೆನ್ಷನ್ ಮಿರರ್.

ಅಲ್ಲಿನ ನಿಯಮ ಖಚಿತವಾಗಿದೆ. ಚಾಲಕನಿಂದ 20 ಮೀಟರ್ ಹಿಂದೆ, ಕ್ಯಾರವಾನಿನ ಪಕ್ಕದಿಂದ 4 ಮೀಟರ್ ಅಗಲದ ರಸ್ತೆ ಕಾಣಬೇಕು. ಕನ್ನಡಿ ಕ್ಯಾರವಾನಿನ ಅಂಚಿನಿಂದ 250 ಮಿಲಿಮೀಟರಿಗಿಂತ ಹೊರಗೆ ಚಾಚಬಾರದು. ಗುಣಮಟ್ಟದ ‘ಇ’ ಮುದ್ರೆ ಇರಬೇಕು. ಸರಿಯಾದ ಕನ್ನಡಿ ಇಲ್ಲದೆ ಎಳೆದರೆ ಸಾವಿರ ಪೌಂಡ್‌ವರೆಗೆ ದಂಡ, ಲೈಸೆನ್ಸಿನ ಮೇಲೆ ಮೂರು ಅಂಕ. (ಈ ಅಂಕ ನಮ್ಮ ವಿದ್ಯಾರ್ಥಿಗಳು ಆಸೆಪಡುವಂಥದ್ದಲ್ಲ; ಹೆಚ್ಚಿದಷ್ಟೂ ಲೈಸೆನ್ಸಿಗೆ ಕುತ್ತು.)

ಪಕ್ಕದ ಮನೆಯ ಹಿರಿಯರ ಬಳಿ ಎರಡು ಜೊತೆ ಕನ್ನಡಿಗಳಿದ್ದವು: ಒಂದು ಜೊತೆ ಸಮತಲ, ಇನ್ನೊಂದು ಪೀನ. ಯಾವುದನ್ನು ಕಟ್ಟಬೇಕು? ಹಿರಿಯರು ಬಾಯಿಮಾತಿನಲ್ಲಿ ಹೇಳಲಿಲ್ಲ. ನನ್ನ ಕೈಗೆ ಅಳತೆಪಟ್ಟಿ ಕೊಟ್ಟು, ತುಂತುರು ಮಳೆಯಲ್ಲಿ ಬಂಡಿಯ ಹಿಂದಕ್ಕೆ ಅಟ್ಟಿದರು. ಚಾಲಕನಿಂದ 20 ಮೀಟರಿಗೆ ಸೀಮೆಸುಣ್ಣದ ಗೆರೆ ಎಳೆದೆ. ಕ್ಯಾರವಾನಿನ ಅಂಚಿನ ನೇರದಿಂದ ಒಂದೊಂದೇ ಹೆಜ್ಜೆ ಹೊರಗೆ ಸರಿಯುತ್ತ ಹೋಗುವುದು ನನ್ನ ಕೆಲಸ. ನಾನು ಕಾಣದಾದ ಕೂಡಲೇ ಹಾರ್ನ್ ಒತ್ತುವುದು ಅಳಿಯನ ಕೆಲಸ.

ಎರಡೂ ಕಡೆ ಸಮತಲ ಕನ್ನಡಿ ಕಟ್ಟಿದಾಗ ಬಲಕ್ಕೆ ನಾಲ್ಕು ಮೀಟರಿನ ಹತ್ತಿರದವರೆಗೂ ಕಂಡೆನಂತೆ. ಎಡಕ್ಕೆ ಎರಡು ಮೀಟರ್ ದಾಟುವಷ್ಟರಲ್ಲಿ ಹಾರ್ನ್ ಕೇಳಿಸಿತು. ಅದೇ ಕನ್ನಡಿ, ಅದೇ ಅಗಲ, ನೋಟ ಮಾತ್ರ ಅರ್ಧ!

ಕಾರಣ ಸರಳ. ಬ್ರಿಟನ್ನಿನಲ್ಲೂ ನಮ್ಮಂತೆ ಚಾಲಕ ಬಲಗಡೆ ಕೂರುತ್ತಾನೆ. ಬಲಗನ್ನಡಿ ಅವನ ಕಣ್ಣಿನಿಂದ ಸುಮಾರು 0.9 ಮೀಟರ್ ದೂರ. ಹೊರಚಾಚಿದ ಎಡಗನ್ನಡಿ ಸುಮಾರು 1.7 ಮೀಟರ್. ಕಿಟಕಿಗೆ ಮುಖವೊಡ್ಡಿ ನಿಂತರೆ ಬೀದಿಯೆಲ್ಲ ಕಾಣುತ್ತದೆ, ಕೋಣೆಯ ಮೂಲೆಯಿಂದ ನೋಡಿದರೆ ಎದುರುಮನೆಯ ಬಾಗಿಲಷ್ಟೇ, ಹಾಗೆ. ಸಮರೂಪ ತ್ರಿಭುಜಗಳನ್ನು ಓದಿದವರು ಲೆಕ್ಕ ಮಾಡಬಹುದು. ಕಣ್ಣಿಗೆ ಎದುರಾಗುವ ಕನ್ನಡಿಯ ಅಗಲ 16 ಸೆಂ.ಮೀ. ಎಂದುಕೊಳ್ಳಿ. ಬಲಕ್ಕೆ 0.16 × 20.9 ÷ 0.9, ಅಂದರೆ 3.7 ಮೀಟರ್. ಎಡಕ್ಕೆ 0.16 × 21.7 ÷ 1.7, ಅಂದರೆ ಸುಮಾರು 2 ಮೀಟರ್. ಗೆರೆಯ ಮೇಲೆ ನನ್ನ ಹೆಜ್ಜೆಗಳು ತೋರಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಬಲದ ಚಿಕ್ಕ ಕೊರತೆಯನ್ನು ಚಾಲಕ ತಲೆಯನ್ನು ತುಸು ಮುಂದೆ ಬಾಗಿಸಿ ತುಂಬಿಕೊಳ್ಳಬಹುದು. ಎಡದ್ದು ಹಾಗೆ ತುಂಬುವಂಥದ್ದಲ್ಲ.

ಎಡಕ್ಕೆ ಪೀನ ಕನ್ನಡಿ ಕಟ್ಟಿದೆವು. ಈ ಸಲ ನಾಲ್ಕು ಮೀಟರ್ ದಾಟಿ ಬೇಲಿಗೆ ಬೆನ್ನು ತಾಗಿದರೂ ಹಾರ್ನ್ ಇಲ್ಲ. ಬಲಕ್ಕೆ ಸಮತಲ, ಎಡಕ್ಕೆ ಪೀನ ಎಂದು ತೀರ್ಮಾನವಾಯಿತು. ಅನುಭವಿಗಳು ಅನೇಕರು ಹೀಗೆಯೇ ಕಟ್ಟುತ್ತಾರಂತೆ.

ಕಟ್ಟುವುದರಲ್ಲೂ ಒಂದು ಪಾಠವಿದೆ. ಕನ್ನಡಿ θ ಕೋನದಷ್ಟು ತಿರುಗಿದರೆ ಪ್ರತಿಫಲಿತ ಕಿರಣ 2θ ತಿರುಗುತ್ತದೆ; ಪ್ರಯೋಗಶಾಲೆಯಲ್ಲಿ ಗುಂಡುಸೂಜಿ ಚುಚ್ಚಿ ಮಾಡಿಸುತ್ತೇವಲ್ಲ, ಅದೇ. ಹಿಡಿಕೆ ಸಡಿಲವಾಗಿ ಕನ್ನಡಿ ಒಂದೇ ಒಂದು ಡಿಗ್ರಿ ಅಲುಗಿದರೂ 20 ಮೀಟರ್ ಹಿಂದಿನ ನೋಟ ಸುಮಾರು 70 ಸೆಂ.ಮೀ. ಅತ್ತಿತ್ತ ಜಿಗಿಯುತ್ತದೆ. ಆದ್ದರಿಂದ ಕೊಳ್ಳುವಾಗ ಗಾಜಿಗಿಂತ ಮೊದಲು ಹಿಡಿಕೆಯನ್ನು ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. ಬರಿಯ ರಬ್ಬರ್ ಪಟ್ಟಿಯದಕ್ಕಿಂತ ಮೇಲೂ ಕೆಳಗೂ ಸ್ಕ್ರೂ ಬಿಗಿಯುವಂಥದ್ದು ಲೇಸು. ನಮ್ಮ ಕಾರಿನ ಬಾಗಿಲ ಕನ್ನಡಿಯ ಆಕಾರಕ್ಕೆ ಅದು ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಹಚ್ಚಿ ನೋಡಬೇಕು. ಹತ್ತು ಹದಿನೈದು ಕಿಲೋಮೀಟರ್ ಓಡಿಸಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಕ್ಯಾರವಾನ್ ಕಳಚಿದಾಗ ಕನ್ನಡಿಯನ್ನೂ ಕಳಚಿಡಬೇಕು. ಇಲ್ಲವಾದರೆ ಸಂದಿಯಲ್ಲಿ ಬರುವ ಇನ್ನೊಂದು ವಾಹನಕ್ಕೆ ತಾಗುತ್ತದೆ.

ಮರುದಿನ ಎ65 ರಸ್ತೆಯಲ್ಲಿ ಸ್ಕಿಪ್ಟನ್ ದಾಟಿ ಸಾಗುತ್ತಿದ್ದೆವು. ಆ ದೇಶದಲ್ಲಿ ಕ್ಯಾರವಾನ್ ಎಳೆಯುವ ಕಾರಿಗೆ ಇಂಥ ಹೆದ್ದಾರಿಯಲ್ಲಿ ಗಂಟೆಗೆ 50 ಮೈಲಿ, ಎಂದರೆ 80 ಕಿಲೋಮೀಟರ್ ಮಿತಿ. ನಮ್ಮ ವೇಗ ಅದಕ್ಕಿಂತ ಕಡಿಮೆಯೇ ಇತ್ತು. ಮುಂದೆ ಒಬ್ಬ ಸೈಕಲ್ ಸವಾರ. ಎದುರಿನ ರಸ್ತೆ ತೆರವಾಗಿತ್ತು. ಅಳಿಯ ಬಲಕ್ಕೆ ಸರಿದು ಅವನನ್ನು ಹಿಂದಿಕ್ಕಿದರು, ಎಡಗನ್ನಡಿಯತ್ತ ಒಮ್ಮೆ ಕಣ್ಣು ಹಾಯಿಸಿ ಮತ್ತೆ ಎಡಕ್ಕೆ ತಿರುಗಿಸತೊಡಗಿದರು.

‘ರೀ, ಇನ್ನೂ ಪಕ್ಕದಲ್ಲೇ ಇದ್ದಾನೆ!’

ಹಿಂದಿನ ಸೀಟಿನ ಎಡಗಡೆ ಕುಳಿತಿದ್ದ ಮಗಳು ಕೂಗಿದಳು. ಅಳಿಯ ತಕ್ಷಣ ಸ್ಟೀರಿಂಗ್ ನೇರ ಮಾಡಿದರು. ಸವಾರ ಕ್ಯಾರವಾನಿನ ಹಿಂದಿನ ಗಾಲಿಯ ನೇರದಲ್ಲೇ ತುಳಿಯುತ್ತಿದ್ದ. ಅವನಿಗೂ ಬಿಳಿ ಗೋಡೆಗೂ ನಡುವೆ ಎಷ್ಟು ಅಂತರ ಉಳಿದಿತ್ತೋ ನಾನು ಅಳೆಯಲಿಲ್ಲ. ಸ್ವಲ್ಪ ಮುಂದೆ ಜಾಗ ಸಿಕ್ಕಲ್ಲಿ ಬಂಡಿ ನಿಲ್ಲಿಸಿದೆವು. ಸವಾರ ನಮ್ಮನ್ನು ದಾಟಿ ಹೋಗುವಾಗ ತಿರುಗಿಯೂ ನೋಡಲಿಲ್ಲ.

‘ಕನ್ನಡಿಯಲ್ಲಿ ಎಲ್ಲೋ ದೂರ ಇದ್ದ ಹಾಗಿತ್ತು, ಮಾವ’ ಎಂದರು ಅಳಿಯ. ಸುಳ್ಳಲ್ಲ. ನಾನು ಚೀಟಿಯ ಮೇಲೆ ಲೆಕ್ಕ ಹಾಕಿದೆ. ಪೀನ ಕನ್ನಡಿಯ ವಕ್ರತಾ ತ್ರಿಜ್ಯ 1.2 ಮೀಟರ್ ಎನ್ನೋಣ. ಸಂಗಮದೂರ ಅದರ ಅರ್ಧ, 0.6 ಮೀಟರ್. ಸವಾರ ಕನ್ನಡಿಯಿಂದ 8 ಮೀಟರ್ ಹಿಂದೆ ಇದ್ದಾನೆ. ದರ್ಪಣ ಸೂತ್ರದ ಪ್ರಕಾರ ಅವನ ಮಿಥ್ಯ ಪ್ರತಿಬಿಂಬ ಮೂಡುವುದು ಕನ್ನಡಿಯ ಹಿಂದೆ ಕೇವಲ 56 ಸೆಂ.ಮೀ.ನಲ್ಲಿ, 1.7 ಮೀಟರ್ ಎತ್ತರದ ಆಸಾಮಿ ಅಲ್ಲಿ 12 ಸೆಂ.ಮೀ.ನ ಬೊಂಬೆ. ಆ ಬೊಂಬೆಯನ್ನು ಚಾಲಕ ನೋಡುವುದು 2.26 ಮೀಟರ್ ದೂರದಿಂದ. ಇಷ್ಟು ಚಿಕ್ಕದಾಗಿ ನಿಜವಾದ ಮನುಷ್ಯ ಕಾಣಬೇಕಾದರೆ ಅವನು 32 ಮೀಟರ್ ಆಚೆ ಇರಬೇಕು! ಮನುಷ್ಯನ ಗಾತ್ರ ನಮ್ಮ ಮಿದುಳಿಗೆ ಗೊತ್ತು, ಅದನ್ನೇ ಅಳತೆಗೋಲಾಗಿ ಹಿಡಿದು ಅದು ದೂರವನ್ನು ಅಂದಾಜು ಮಾಡುತ್ತದೆ. ಪೀನ ಕನ್ನಡಿ ಆ ಅಳತೆಗೋಲನ್ನೇ ಕುಗ್ಗಿಸಿಬಿಡುತ್ತದೆ. ಕಾರುಗಳ ಎಡಗನ್ನಡಿಯ ಮೇಲೆ ‘ಕನ್ನಡಿಯಲ್ಲಿರುವ ವಸ್ತುಗಳು ಕಾಣುವುದಕ್ಕಿಂತ ಹತ್ತಿರದಲ್ಲಿವೆ’ ಎಂಬರ್ಥದ ಇಂಗ್ಲಿಷ್ ಸಾಲು ಇರುವುದನ್ನು ನೋಡಿರಬಹುದು. ನಾಲ್ಕು ಮೀಟರ್ ಅಗಲದ ನೋಟಕ್ಕೆ ನಾವು ತೆರುವ ಬೆಲೆ ಇದು. ಪಠ್ಯಪುಸ್ತಕದ ಉತ್ತರದಲ್ಲಿ ಲಾಭ ಇದೆ, ಬೆಲೆ ಇಲ್ಲ.

ಹಾಗಾದರೆ ಪೀನ ಕನ್ನಡಿ ಬೇಡವೇ? ಬೇಕು. ಸಮತಲ ಕನ್ನಡಿ ಕಟ್ಟಿದ್ದರೆ ಹೊರಗೆ ಸರಿದು ಬರುವವರು ಕಾಣುತ್ತಲೇ ಇರಲಿಲ್ಲ. ಉಪಾಯವಿರುವುದು ಬಳಸುವ ರೀತಿಯಲ್ಲಿ. ಕನ್ನಡಿಯ ಒಳ ಅಂಚಿನಲ್ಲಿ ಕ್ಯಾರವಾನಿನ ಪಕ್ಕದ ಗೋಡೆ ಸಣ್ಣ ಪಟ್ಟಿಯಾಗಿ ಕಾಣುವಂತೆ ಇಟ್ಟುಕೊಳ್ಳಬೇಕು. ಆ ಪಟ್ಟಿಯ ತುದಿಯಲ್ಲಿ ಕ್ಯಾರವಾನಿನ ಹಿಂಮೂಲೆ ಇರುತ್ತದೆ. ಮೂಲೆಯೂ ಸೈಕಲ್ಲೂ ಒಂದೇ ಕನ್ನಡಿಯಲ್ಲಿ ಒಂದೇ ರೀತಿ ಕುಗ್ಗುತ್ತವೆ. ಸವಾರ ಎಷ್ಟು ಚಿಕ್ಕದಾಗಿದ್ದಾನೆ ಎಂದು ನೋಡಬಾರದು. ಅವನು ಆ ಮೂಲೆಯನ್ನು ದಾಟಿ, ರಸ್ತೆಯ ಮೇಲೆ ಸಾಕಷ್ಟು ಹಿಂದೆ ಸರಿದಿದ್ದಾನೆಯೇ ಎಂದು ನೋಡಬೇಕು. ಎಳೆಯುವ ಬಂಡಿ ತಿರುವಿನಲ್ಲಿ ಕಾರಿಗಿಂತ ಒಳಗೆ ಕೊಯ್ದುಕೊಂಡು ಬರುತ್ತದೆ ಎನ್ನುವುದನ್ನೂ ಮರೆಯಬಾರದು. ಉಳಿದ ಮೂರು ದಿನ ಅಳಿಯ ಮೂಲೆ ನೋಡಿಯೇ ತಿರುಗಿಸಿದರು. ಮಗಳು ಎಡಗಡೆಯ ಸೀಟು ಬಿಟ್ಟುಕೊಡಲಿಲ್ಲ.

ಊರಿಗೆ ಮರಳಿದ ಮೇಲೆ ಇದು ಬಿಳಿಯರ ವಿಹಾರದ ಕಥೆ ಎಂದು ಬಿಟ್ಟುಬಿಡಲು ನನ್ನಿಂದಾಗಲಿಲ್ಲ. ನನ್ನದು ಮಂಡ್ಯ ಸೀಮೆಯ ಶಾಲೆ. ಕಬ್ಬು ಅರೆಯುವ ಕಾಲಕ್ಕೆ ಶಾಲೆಯ ಮುಂದಿನ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಸಾಲು. ಮುಂದೆ ಕಿರಿದಾದ ಟ್ರ್ಯಾಕ್ಟರ್, ಹಿಂದೆ ಎರಡೂ ಬದಿಗೆ ಕಬ್ಬಿನ ಜಲ್ಲೆ ಚಾಚಿದ ಟ್ರೇಲರ್. ಕನ್ನಡಿ ಇರುವುದೇ ಅಪರೂಪ. ಇದ್ದರೂ ಅದರಲ್ಲಿ ಕಾಣುವುದು ಕಬ್ಬಿನ ಸೋಗೆ. ಅದರ ಪಕ್ಕದಲ್ಲೇ ನಮ್ಮ ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಬರುತ್ತಾರೆ, ಕೆಲವರು ಜಲ್ಲೆ ಎಳೆದುಕೊಳ್ಳುವ ಆಸೆಗೆ ಇನ್ನಷ್ಟು ಹತ್ತಿರ ಹೋಗುತ್ತಾರೆ.

ಹತ್ತನೇ ತರಗತಿಯ ಹುಡುಗನೊಬ್ಬನ ತಂದೆ ಒಂದು ಭಾನುವಾರ ತಮ್ಮ ಟ್ರ್ಯಾಕ್ಟರನ್ನು ಶಾಲೆಯ ಮೈದಾನಕ್ಕೆ ತಂದರು, ಹಿಂದೆ ಕಬ್ಬು ತುಂಬಿದ ಟ್ರೇಲರ್. ಅದೇ ಸುಣ್ಣದ ಗೆರೆ, ಅದೇ ಹೆಜ್ಜೆ. ಒಬ್ಬೊಬ್ಬರಾಗಿ ಮಕ್ಕಳು ಹೊರಕ್ಕೆ ಸರಿದರು. ಸೀಟಿನಲ್ಲಿ ಕುಳಿತ ತಂದೆಗೆ ಒಬ್ಬರೂ ಕಾಣಲಿಲ್ಲ. ಅವರ ಮಗನೂ ಆ ಸಾಲಿನಲ್ಲಿದ್ದ. ಅವರು ಕೆಳಗಿಳಿದು ಬಂದು ಗೆರೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತರು. ‘ಎಷ್ಟು ಉದ್ದದ ಪೈಪು ಬೇಕಾಯ್ತದೆ, ಮೇಷ್ಟ್ರೇ?’ ಎಂದು ಕೇಳಿದರು.

ಹುಡುಗರೇ ಅಳೆದು ಹೇಳಿದರು. ವೆಲ್ಡಿಂಗ್ ಅಂಗಡಿಯಲ್ಲಿ ಪೈಪಿಗೆ ಹಳೆಯ ಲಾರಿಯ ಪೀನ ಕನ್ನಡಿ ಸೇರಿಸಿ, ಬೇಕೆಂದಾಗ ಬಿಚ್ಚುವಂತೆ ಬೋಲ್ಟ್ ಹಾಕಿಸಿಕೊಂಡಿದ್ದಾರೆ. ಟ್ರೇಲರ್ ಖಾಲಿಯಾದಾಗ ಅದನ್ನು ಕಳಚಿ, ಗೋಣಿಚೀಲದಲ್ಲಿ ಸುತ್ತಿ ಸೀಟಿನಡಿ ಇಡುತ್ತಾರೆ.